ತಿದ್ದಿದ್ದು ನಾನೇ

ಬೆಳಗಾಗುವ ಹೊತ್ತಿಗೆ ಆ ಬೀದಿಯಲ್ಲಿ ಲಾಂಡ್ರಿ ಇರಲಿಲ್ಲ.

ಮೊದಲು ಕಂಡವನು ಪೇಪರ್ ಹಾಕುವವನು. ಸೈಕಲ್ ಮೇಲಿಂದಲೇ ಪೇಪರ್ ಎಸೆದನಂತೆ. ಅದು ಬಾಗಿಲಿಗೆ ಬಡಿದ ಸದ್ದು ಬರಲಿಲ್ಲ. ತಿರುಗಿ ನೋಡಿದ — ಬಾಗಿಲೂ ಇಲ್ಲ, ಗೋಡೆಯೂ ಇಲ್ಲ. ದೊಡ್ಡದೊಂದು ಗುಂಡಿ. ಗುಂಡಿಯ ಅಂಚಿಗೆ ಒಂದು ತಂತಿ, ತಂತಿಯ ಮೇಲೆ ಯಾರದ್ದೋ ಬಿಳಿ ಅಂಗಿ.

ಲಾಂಡ್ರಿಯ ಯಜಮಾನ, ಅವನ ಹೆಂಡತಿ, ಇಬ್ಬರೂ ಹಿಂದಿನ ಕೋಣೆಯಲ್ಲಿ ಮಲಗಿದ್ದವರು. ಮಲಗಿದ್ದ ಹಾಗೇ ಹೋದರು. ಹೆಣ ಎತ್ತುವುದಕ್ಕೇ ಎರಡು ದಿನ ಹಿಡಿಯಿತು.

ನಮ್ಮೂರಿನ ಕೆಳಗೆ ಹಳೇ ಗಣಿ ಇದೆ ಅನ್ನುವುದು ಹೊಸ ಸುದ್ದಿಯೇನಲ್ಲ. ಯಾವ ಸುರಂಗ ಯಾರ ಮನೆ ಕೆಳಗೆ ಹೋಗುತ್ತದೆ ಅಂತ ಹೇಳುವವರು ಮಾತ್ರ ಒಬ್ಬರೂ ಉಳಿದಿಲ್ಲ. ಅದಕ್ಕೇ ಹೋದ ವರ್ಷ ಭೂಮಾಪನ ಕಚೇರಿಯವರು ಬೀದಿಬೀದಿಯಲ್ಲಿ ಒಂದು ಮೀಟರ್ ಯಂತ್ರ ಇಟ್ಟು, ಭೂಮಿ ಎಲ್ಲಿ ಎಷ್ಟು ಜೋರಾಗಿ ಎಳೆಯುತ್ತದೆ ಅಂತ ಅಳೆದರು. ಕೆಳಗೆ ಬಂಡೆ ಇದ್ದರೆ ಎಳೆತ ಪೂರ್ತಿ. ಟೊಳ್ಳಿದ್ದರೆ ಕೂದಲೆಳೆಯಷ್ಟು ಕಮ್ಮಿ. ಆಮೇಲೆ ಬಣ್ಣಬಣ್ಣದ ನಕ್ಷೆ ಬಂತು. ಟೊಳ್ಳು ಇರುವ ಕಡೆ ಕೆಂಪು, ಗಟ್ಟಿ ಇರುವ ಕಡೆ ಹಸಿರು. ಲಾಂಡ್ರಿ ಬೀದಿ ಪೂರ್ತಿ ಹಸಿರು. ನಿಶ್ಚಿಂತೆಯಿಂದ ಮಲಗಿ ಅಂತ ಅರ್ಥ.

ಹಾಗಾಗಿ ಇನ್‌ಸ್ಪೆಕ್ಟರ್ ನೆಟ್ಟಗೆ ಹೋದದ್ದು ಆ ಕಚೇರಿಗೇ. ಹಾಲ್ ನಡುವೆ ನಿಂತು ಕೇಳಿದರು — "ಈ ನಕ್ಷೆಯ ಅಂಕಿಗಳನ್ನ ಯಾರಾದ್ರೂ ತಿದ್ದಿದ್ದಾರಾ?"

ಮೂಲೆಯ ಮೇಜಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. "ಹೌದು ಸರ್. ಎಲ್ಲಾ ಅಂಕಿ ತಿದ್ದಿದ್ದು ನಾನೇ."

ಜೀಪು ಹತ್ತಿಸಿದರು.

ಆ ಹೆಂಗಸು ನನ್ನ ಅಕ್ಕ. ಸೊಳ್ಳೆ ಹೊಡೆದರೂ 'ಪಾಪ' ಅನ್ನುವವಳು. ಅವಳು ದುಡ್ಡು ತಿಂದು ಸುಳ್ಳು ನಕ್ಷೆ ಮಾಡಿದಳಂತೆ, ಇಬ್ಬರ ಪ್ರಾಣ ತೆಗೆದಳಂತೆ! ಮಧ್ಯಾಹ್ನದೊಳಗೆ ಊರೆಲ್ಲ ಅದೇ ಮಾತು. ನನ್ನದು ಕನ್ನಡಕದ ಅಂಗಡಿ. ಜನರ ಕಣ್ಣು ಸರಿ ಮಾಡುವುದು ನನ್ನ ಕಸುಬು. ಪೊಲೀಸು, ಕೋರ್ಟು ಅಂದರೆ ನನ್ನ ಕಣ್ಣೇ ಕತ್ತಲೆ. ಕೈಕಾಲು ಆಡಲಿಲ್ಲ. ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅಂದರೆ ಅತ್ತೆಗೆ ಫೋನ್ ಮಾಡಿದ್ದು.

ಅತ್ತೆ ಅಂದರೆ ಅಪ್ಪನ ತಂಗಿ. ಗಣಿ ಕಾಲೇಜಿನಲ್ಲಿ ಇದೇ ವಿದ್ಯೆ ಕಲಿಸಿ ನಿವೃತ್ತಿಯಾದವರು. ಅಕ್ಕನಿಗೂ ಅವರೇ ಗುರು. ನಮ್ಮ ಮನೆಯಲ್ಲಿ ಅವರಿಗೆ 'ಯಾಕತ್ತೆ' ಅಂತ ಹೆಸರು. ಮಗು ಅತ್ತರೂ ಯಾಕೆ, ನಕ್ಕರೂ ಯಾಕೆ. ನನ್ನ ಮದುವೆಯಲ್ಲಿ ಕಳೆದ ಸರವನ್ನು ಕೂತ ಕುರ್ಚಿಯಿಂದ ಏಳದೆ ಪತ್ತೆ ಮಾಡಿಕೊಟ್ಟರು. ಕದ್ದವರು ನಮ್ಮ ಚಿಕ್ಕಪ್ಪ. ಚಿಕ್ಕಪ್ಪ ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟಿದ್ದಾರೆ.

"ಅತ್ತೆ, ಅಕ್ಕನ್ನ ಹಿಡ್ಕೊಂಡು ಹೋದ್ರು!"

"ಯಾಕೆ?"

ಹೇಳಿದೆ. ಆಮೇಲೆ, "ಮಂಡಿ ನೋವು ಕಣೋ. ಬಸ್ಸಿಗೆ ಬರೋಕಾಗಲ್ಲ. ಕಾರ್ ತಗೊಂಡು ಬಾ," ಅಂದರು.

ಮರುದಿನ ಬೆಳಗ್ಗೆ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಒಳ್ಳೆಯವರಂತೆಯೇ ಕಂಡರು. ಅದೇ ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಕೆಟ್ಟವರಾದರೆ ಬೈದುಕೊಳ್ಳಬಹುದು.

"ಅಮ್ಮಾ, ನಾವೇನು ಹೊಡೆದು ಬಡಿದು ಹೇಳಿಸಿದ್ದಲ್ಲ," ಅಂದರು. "ಕಚೇರಿ ತುಂಬ ಜನ ಇದ್ರು. ಅವರೇ ಎದ್ದು ನಿಂತು, ತಿದ್ದಿದ್ದು ನಾನೇ ಅಂದ್ರು."

ಅತ್ತೆ ತಲೆ ಚಚ್ಚಿಕೊಂಡರು. "ಅಯ್ಯೋ ದೇವರೇ! ಅವಳ ಕೆಲಸದ ಹೆಸರೇ ತಿದ್ದುಪಡಿ ಸ್ವಾಮಿ. ತಿದ್ದೋದಕ್ಕೇ ಸಂಬಳ ಕೊಡ್ತಾರೆ!"

"ಅಂದ್ರೆ?"

ಕಂಬಿಯ ಆಚೆಯಿಂದ ಅಕ್ಕ ಹೇಳಿದಳು. ರಾತ್ರಿಯಿಡೀ ನಿದ್ದೆಯಿಲ್ಲದ ಮುಖ. ಆದರೂ ಪಾಠ ಒಪ್ಪಿಸುವ ಹಾಗೆ ಸ್ಪಷ್ಟವಾಗಿ ಹೇಳಿದಳು. "ಸರ್, ಮೀಟರ್ ಕೊಡೋ ಅಂಕಿ ಹಸಿ ಅಂಕಿ. ಎತ್ತರಕ್ಕೆ ಹೋದಷ್ಟೂ ಭೂಮಿ ಎಳೆಯೋದು ಕಮ್ಮಿ ಆಗುತ್ತೆ. ದಿಬ್ಬದ ಮೇಲೆ ಅಳೆದ್ರೆ ಕಮ್ಮಿ ಬರುತ್ತೆ, ಹಳ್ಳದಲ್ಲಿ ಅಳೆದ್ರೆ ಜಾಸ್ತಿ. ಅದಕ್ಕೆ ಎತ್ತರ ನೋಡಿ ಅಷ್ಟು ಕೂಡಿಸ್ತೀವಿ. ಆದ್ರೆ ದಿಬ್ಬ ಅಂದ್ರೆ ಖಾಲಿ ಗಾಳಿ ಅಲ್ವಲ್ಲ, ಬಂಡೆ. ಆ ಬಂಡೆಯೂ ತನ್ನ ಪಾಲಿಂದು ಎಳೆಯುತ್ತೆ. ಅಷ್ಟು ಕಳೀತೀವಿ. ಕೂಡಿಸಿ ಕಳೆದ ಮೇಲೆ ಉಳಿಯೋದು ಮಾತ್ರ ನೆಲದಡಿಯ ಸುದ್ದಿ."

"ಕೂಡಿಸ್ತೀರಿ, ಕಳೀತೀರಿ," ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟರು. "ನಮ್ಮ ಕಡೆ ಅದಕ್ಕೆ ಬೇರೆ ಹೆಸರು ಇದೆ. ಸರಿ, ಒಪ್ಪಿದೆ ಅಂತಿಟ್ಕೊಳ್ಳಿ. ಆದ್ರೂ ಕೆಳಗೆ ಟೊಳ್ಳಿತ್ತು, ನಕ್ಷೆಯಲ್ಲಿ ಗಟ್ಟಿ ಅಂತ ಬಂತು. ಅಂಕಿ ಹಾದು ಬಂದಿದ್ದು ಇವರೊಬ್ಬರ ಕೈಯಿಂದ. ಸುಳ್ಳು ಎಲ್ಲಿ ಸೇರ್ತು? ಇವತ್ತು ಸಂಜೆಯೊಳಗೆ ಹೇಳಿ. ಇಲ್ದಿದ್ರೆ ನಾನು ಕೋರ್ಟಿಗೆ ಕಳಿಸಲೇಬೇಕು. ನನ್ನ ಕೈಯಲ್ಲಿ ಏನೂ ಇಲ್ಲ."

ಅತ್ತೆ ಕಂಬಿಯ ಹತ್ತಿರ ಹೋದರು. "ಎತ್ತರದ ಅಂಕಿ ನಿನಗೆ ಯಾರು ಕೊಟ್ಟಿದ್ದು?"

"ಕೋಲಣ್ಣ. ಅವನೇ ಬೀದಿಬೀದಿ ಸುತ್ತಿ ಮಟ್ಟ ಹಿಡಿದು ತಂದಿದ್ದು."

"ಅವನು ಕೊಟ್ಟಿದ್ದನ್ನ ಹಾಗೇ ಹಾಕಿದ್ಯಾ?"

ಅಕ್ಕ ತಲೆ ತಗ್ಗಿಸಿದಳು. "ಹೂಂ ಅತ್ತೆ." ಆಮೇಲೆ ನನ್ನ ಕಡೆ ತಿರುಗಿ, "ನನ್ನ ತಪ್ಪಿಲ್ಲ ಕಣೋ. ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಹತ್ತು ಸಲ ನೋಡ್ದೆ. ನೀನಾದ್ರೂ ನಂಬ್ತೀಯ ಅಲ್ವಾ?" ಅಂದಳು.

"ನಂಬ್ತೀನಿ," ಅಂದೆ. ನಂಬಿದ್ದೆ ಕೂಡ.

ಕಚೇರಿಯ ದೊಡ್ಡ ಸಾಹೇಬರ ದನಿ ಮೆಟ್ಟಿಲು ಹತ್ತುವಾಗಲೇ ಕೇಳಿಸಿತು. ಯಾರೋ ಕಿಟಕಿ ತೆರೆದಿಟ್ಟಿದ್ದಕ್ಕೆ ಬೈಯುತ್ತಿದ್ದರು. ನಾವು ಕೂರುವಷ್ಟರಲ್ಲಿ ಕಿಟಕಿ ಮುಚ್ಚಿದ್ದಕ್ಕೂ ಬೈದರು.

"ಅಂಕಿ ಅದಲು ಬದಲು ಮಾಡೋಕೆ ಇಲ್ಲಿ ಯಾರಿಗೆ ಸಾಧ್ಯ?" ಅತ್ತೆ ಕೇಳಿದರು.

"ಯಾರಿಗೂ ಇಲ್ಲ! ಮೀಟರ್ ತಾನೇ ಓದಿ ತನ್ನೊಳಗೇ ಇಟ್ಕೊಳ್ಳುತ್ತೆ. ಅದನ್ನ ಮುಟ್ಟೋಕಾಗಲ್ಲ."

"ಹಸಿರು ಬರಲಿ ಅಂತ ಯಾರಾದ್ರೂ ನಿಮ್ಮನ್ನ ಕೇಳ್ಕೊಂಡಿದ್ರಾ?"

"ಕೇಳದವರು ಯಾರಮ್ಮ? ಮನೆ ಇರೋರು ಕೇಳಿದ್ರು, ಮಾರೋರು ಕೇಳಿದ್ರು, ಕೊಳ್ಳೋರು ಕೇಳಿದ್ರು. ನಮ್ಮ ಮಾವ ಕೇಳಿದ್ರು! ನಾನು ಯಾರಿಗೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. ನನಗೆ ಅಲ್ಲೇ ಅನುಮಾನ ಬಂತು. ಕಳ್ಳ ಇವನೇ ಅಂದುಕೊಂಡೆ.

"ಬಂಡೆಯ ತೂಕ ಎಷ್ಟು ಅಂತ ಹಿಡಿದ್ರಿ?" ಅತ್ತೆ ಬಿಡಲಿಲ್ಲ. "ಹಗುರ ಕಲ್ಲನ್ನ ಭಾರ ಅಂದ್ಕೊಂಡು ಲೆಕ್ಕ ಹಾಕಿದ್ರೆ ಕಳೆಯೋದೆಲ್ಲ ತಪ್ಪಾಗುತ್ತೆ."

"ಎಲ್ಲ ಕಡೆ ಹಿಡಿಯೋದನ್ನೇ ಹಿಡಿದಿದ್ದೀವಿ. ನನಗೆ ಪಾಠ ಹೇಳ್ತೀರಾ?"

"ಇಲ್ಲಪ್ಪ. ಹೇಳೋ ಕಾಲ ಆಗಲೇ ಮುಗೀತು. ಹಸಿ ಅಂಕಿ, ಎತ್ತರ ಎಲ್ಲ ನೀವು ನೋಡ್ತೀರಾ?"

"ನನಗೆಲ್ಲಿ ಪುರುಸೊತ್ತು? ಕಡೆಗೆ ಬಣ್ಣದ ನಕ್ಷೆ ಬರುತ್ತೆ, ಅದನ್ನ ನೋಡ್ತೀನಿ. ಅದರಲ್ಲಿ ತಪ್ಪು ಕಂಡ್ರೆ ಬಿಡೋನಲ್ಲ ನಾನು. ಸಂಬಳ ಹಿಡೀತೀನಿ. ಮನೆಗೂ ಕಳಿಸ್ತೀನಿ. ಇಡೀ ಕಚೇರಿಗೆ ಗೊತ್ತು."

ಅಷ್ಟು ಹೇಳಿ ಗಂಟೆ ಒತ್ತಿದರು. ಗಂಟೆ ಕೇಳಿ ಬಂದವನಿಗೆ ತಡವಾಗಿ ಬಂದದ್ದಕ್ಕೆ ಬೈದರು.

ಕೋಲಣ್ಣ ಸಿಕ್ಕಿದ್ದು ಕಚೇರಿಯ ಹಿಂದಿನ ಷೆಡ್ಡಿನಲ್ಲಿ. ಮಟ್ಟ ಹಿಡಿಯುವ ಉದ್ದನೆಯ ಅಳತೆ ಕೋಲುಗಳ ನಡುವೆ, ಅವುಗಳಷ್ಟೇ ಸಣ್ಣಗೆ ನೆಟ್ಟಗೆ ನಿಂತಿದ್ದ. ಹೆಸರು ಹೇಗೆ ಬಂತು ಅಂತ ಕೇಳಬೇಕಾಗಿರಲಿಲ್ಲ.

"ಅಕ್ಕ ಹೇಗಿದ್ದಾರೆ?" ಅವನೇ ಮೊದಲು ಕೇಳಿದ. ಕಣ್ಣು ತುಂಬಿಕೊಂಡಿತ್ತು. "ಹೋದ ವರ್ಷ ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದವರು ಅವರೊಬ್ಬರೇ."

"ನೀನು ಲಾಂಡ್ರಿ ಬೀದಿಯಲ್ಲಿ ಮಟ್ಟ ಹಿಡಿದಿದ್ಯಾ?"

"ಹಿಡಿದಿದ್ದೆ ಅಮ್ಮ."

"ನಿಜವಾಗಿ? ಇಲ್ಲ ಷೆಡ್ಡಿನಲ್ಲಿ ಕೂತು ಹಳೇ ನಕ್ಷೆ ನೋಡಿ ಬರ್ಕೊಂಡ್ಯಾ? ನಿಜ ಹೇಳು. ನಾನೇನು ಪೊಲೀಸ್ ಅಲ್ಲ."

"ಮಗಳಾಣೆ ಅಮ್ಮ, ಪ್ರತಿ ಜಾಗಕ್ಕೂ ಕೋಲು ನಿಲ್ಲಿಸಿದ್ದೀನಿ. ಲಾಂಡ್ರಿಯವರು ಬಿಸಿಲಲ್ಲಿ ನಿಂತಿದ್ದೀಯಲ್ಲ ಅಂತ ನೀರು ಕೊಟ್ರು. ಪುಣ್ಯಾತ್ಮರು."

"ಅಳತೆ ತಪ್ಪಿರಬಹುದಾ?"

ಅವನ ಮುಖ ಸಪ್ಪಗಾಯಿತು. "ತಪ್ಪಿಲ್ಲ ಅಂತ ಹೇಗೆ ಹೇಳಲಿ? ಅದರ ಹಿಂದಿನ ತಿಂಗಳು ಬೇರೆ ಕಡೆ ಒಂದು ಸಲ ತಪ್ಪಿತ್ತು. ಕೋಲಿನ ಮೇಲೆ ಸಣ್ಣ ಗೆರೆ ಸರಿಯಾಗೇ ಓದ್ತೀವಿ, ಮೇಲಿನ ದೊಡ್ಡ ಅಂಕಿ ನೋಡೋದ್ರಲ್ಲಿ ಎಡವಟ್ಟಾಗುತ್ತೆ. ನಮ್ಮ ಕಸುಬಲ್ಲಿ ತಪ್ಪಿದ್ರೆ ಒಂದು ಬೆರಳು ಎರಡು ಬೆರಳು ತಪ್ಪಲ್ಲ ಅಮ್ಮ, ಇಡೀ ಒಂದು ಮೀಟರ್ ತಪ್ಪುತ್ತೆ. ಆವಾಗ ಸಾಹೇಬರು ಅರ್ಧ ಸಂಬಳ ಹಿಡಿದ್ರು. ಇನ್ನೊಂದು ಸಲ ತಪ್ಪಿದ್ರೆ ಮನೆಗೆ ಹೋಗು ಅಂದ್ರು."

"ಲಾಂಡ್ರಿ ಬೀದಿಯ ಅಳತೆಗೆ ಏನಂದ್ರು?"

"ಏನೂ ಅನ್ನಲಿಲ್ಲ. ಆ ತಿಂಗಳು ಒಂದು ಬೈಗುಳಾನೂ ಬೀಳಲಿಲ್ಲ. ಸದ್ಯ ಬಚಾವಾದೆ ಅಂದ್ಕೊಂಡೆ."

ಅತ್ತೆ ಅವನನ್ನೇ ನೋಡುತ್ತ ನಿಂತರು. "ಒಂದೂ ಬೀಳಲಿಲ್ಲವಾ?"

"ಒಂದೂ ಇಲ್ಲ."

ಹೊರಗೆ ಬಂದಾಗ ನಾನು ಕುಣಿಯುವುದೊಂದು ಬಾಕಿ. "ಗೊತ್ತಾಯ್ತಲ್ಲ ಅತ್ತೆ! ಇವನೇ ತಪ್ಪಳತೆ ಕೊಟ್ಟಿದ್ದಾನೆ. ಇಲ್ಲಾಂದ್ರೆ ಸಾಹೇಬ ತಿರುಚಿದ್ದಾನೆ. ಎರಡರಲ್ಲಿ ಒಂದು. ಅಕ್ಕ ಮಾತ್ರ ಅಲ್ಲ."

"ಬೀದಿ ನೋಡೋಣ ನಡಿ," ಅಂದರು ಅತ್ತೆ. ಆ ದನಿಯಲ್ಲಿ ನನ್ನ ಖುಷಿಗೆ ಜಾಗವಿರಲಿಲ್ಲ.

ಲಾಂಡ್ರಿ ಬೀದಿಯಲ್ಲಿ ಗುಂಡಿಯ ಸುತ್ತ ಹಗ್ಗ ಕಟ್ಟಿದ್ದರು. ಅಕ್ಕಪಕ್ಕದ ಮನೆಗಳು ಖಾಲಿಯಾಗಿದ್ದವು. ಬೀದಿಯ ಸ್ವಲ್ಪ ಒಳಗಡೆ ಇದ್ದ ಬಡಗಿಯೊಬ್ಬ ಮಾತ್ರ ಸಾಮಾನು ಕಟ್ಟುತ್ತ ಗೊಣಗುತ್ತಿದ್ದ. ಅತ್ತೆ ಗುಂಡಿಯ ಅಂಚಿನಲ್ಲಿ ಬಿದ್ದಿದ್ದ ಒಂದು ಕಲ್ಲು ಎತ್ತಿಕೊಂಡು ಅವನ ಅಂಗಳಕ್ಕೇ ಹೋದರು. ತಕ್ಕಡಿ ಕೇಳಿದರು, ಬಕೆಟ್ ನೀರು ಕೇಳಿದರು. ಕಲ್ಲನ್ನು ಒಮ್ಮೆ ಹಾಗೇ ತೂಗಿದರು, ಒಮ್ಮೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರು.

"ಬಂಡೆ ಲೆಕ್ಕ ಸರಿಯಾಗೇ ಇದೆ," ಅಂದರು. "ಕಳೆದಿದ್ದರಲ್ಲಿ ತಪ್ಪಿಲ್ಲ."

"ನೀರು ಅಂಗಳದಲ್ಲಿ ಚೆಲ್ಲಬೇಡಿ ಅಮ್ಮಾ," ಬಡಗಿ ಕೂಗಿದ. "ನೀರು ಕಂಡ್ರೇನೇ ಮೈ ಉರಿಯುತ್ತೆ ನನಗೆ."

"ಯಾಕೆ?"

"ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು. ಆದ್ರೂ ಹೇಳ್ತೀನಿ. ಲಾಂಡ್ರಿಯವನು ನನ್ನ ಜೀವ ತಿಂದುಬಿಟ್ಟ. ಮೊದಲೆಲ್ಲ ಅವನ ಕೊಳೆ ನೀರು ಆ ಕಡೆ, ದೊಡ್ಡ ರಸ್ತೆ ಚರಂಡಿಗೆ ಹೋಗ್ತಿತ್ತು. ಏಳೆಂಟು ವರ್ಷದಿಂದ ಎಲ್ಲ ಈ ಕಡೆಗೇ! ಚರಂಡಿ ತುಂಬಿ ಇಲ್ಲೇ ನಿಲ್ಲೋದು. ಕೇಳಿದ್ರೆ ನಾನೇನೂ ಮಾಡಿಲ್ಲಣ್ಣ, ನೀರೇ ಹಂಗೆ ಹೋಗುತ್ತೆ ಅನ್ನೋನು. ನೀರಿಗೇನು ತಲೆ ಕೆಟ್ಟಿದ್ಯಾ? ಎಷ್ಟು ಜಗಳ ಆಡಿದ್ದೀನಿ ಗೊತ್ತಾ?"

ಸಾಮಾನಿನ ಕಡೆ ತಿರುಗಿದ. ಎರಡು ಗಂಟು ಬಿಗಿದು ಮತ್ತೆ ಶುರು ಮಾಡಿದ. "ಆ ತೇವಕ್ಕೆ ಬೀದಿಯ ಬಾಗಿಲೆಲ್ಲ ಊದಿಕೊಳ್ಳೋದು. ವರ್ಷಕ್ಕೊಂದು ಸಲ ಎಲ್ಲರ ಬಾಗಿಲೂ ನಾನೇ ಹೆರೆದು ಕೊಡ್ತಿದ್ದೆ."

"ಬಾಗಿಲು ಪೂರ್ತಿ ಬಿಗಿಯೋದಾ? ಇಲ್ಲ ಒಂದು ಮೂಲೆಯಲ್ಲಾ?"

ಬಡಗಿ ಕೈಯಲ್ಲಿದ್ದ ಹಗ್ಗ ಬಿಟ್ಟ. "ಒಂದು ಮೂಲೆ. ಯಾವಾಗಲೂ ಒಂದೇ ಮೂಲೆ. ಅದ್ಹೇಗೆ ಗೊತ್ತಾಯ್ತು?"

"ತೇವಕ್ಕೆ ಊದಿದ್ರೆ ಪೂರ್ತಿ ಊದುತ್ತೆ. ಚೌಕಟ್ಟು ವಾಲಿದ್ರೆ ಮೂಲೆ ಹಿಡಿಯುತ್ತೆ."

ಅತ್ತೆ ಬಕೆಟ್ ನನ್ನ ಕೈಗೆ ಕೊಟ್ಟರು. ಬೀದಿಯ ಬಾಯಿಗೆ, ದೊಡ್ಡ ರಸ್ತೆಯ ಹತ್ತಿರಕ್ಕೆ ಕರೆದುಕೊಂಡು ಹೋದರು. "ಇಲ್ಲಿ ಸುರಿ."

ಸುರಿದೆ. ಚರಂಡಿ ಕಟ್ಟಿದ್ದು ನೀರು ದೊಡ್ಡ ರಸ್ತೆಗೆ ಹೋಗಲಿ ಅಂತ. ಅದು ಬೀದಿಯೊಳಗೆ ಹರಿಯಿತು. ನಿಧಾನವಾಗಿ, ಯಾರ ಹಂಗೂ ಇಲ್ಲದ ಹಾಗೆ ಹಿಂದಕ್ಕೆ ಹೋಯಿತು.

ಅತ್ತೆ ತಮ್ಮ ಚೀಲದಿಂದ ಆ ಹಸಿರು ನಕ್ಷೆ ತೆಗೆದು ನೋಡಿದರು. ಅದರಲ್ಲಿ ಎತ್ತರದ ಗೆರೆಗಳೂ ಇದ್ದವು. ಆ ಗೆರೆಗಳ ಪ್ರಕಾರ ಬೀದಿ ಇಳಿಜಾರಾಗಿರುವುದು ದೊಡ್ಡ ರಸ್ತೆಯ ಕಡೆಗೆ.

"ನಕ್ಷೆ ಸುಳ್ಳು ಹೇಳ್ತಿದ್ಯಾ ಅತ್ತೆ?"

"ಸುಳ್ಳಲ್ಲ. ಹಳೇ ನಿಜ."

ಕಾರಿನಲ್ಲಿ ಕೂತ ಮೇಲೆ ಅವರು ಕಣ್ಣು ಒರೆಸಿಕೊಂಡರು. ನಾನು ಅತ್ತೆ ಅತ್ತದ್ದನ್ನು ಮಾವ ಹೋದಾಗಲೂ ನೋಡಿರಲಿಲ್ಲ.

"ಇದನ್ನ ಹೇಳಿದ್ರೆ ಅಕ್ಕ ಬಿಡುಗಡೆ ಆಗ್ತಾಳಾ?"

"ಆಗ್ತಾಳೆ."

"ಮತ್ತೇನು?"

"ಮತ್ತೇನಿಲ್ಲ. ಗಾಡಿ ಓಡಿಸು. ಸಂಜೆಯಾಗ್ತಿದೆ."

ಇನ್‌ಸ್ಪೆಕ್ಟರ್ ಅಕ್ಕನನ್ನು ಹೊರಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಅಕ್ಕನ ಕೈ ನನ್ನ ಕೈಯಲ್ಲಿತ್ತು. ಅತ್ತೆ ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತರು, ಇನ್‌ಸ್ಪೆಕ್ಟರ್ ಕಡೆ ಅಲ್ಲ.

"ಕೆಳಗೆ ಟೊಳ್ಳಿತ್ತು," ಅಂದರು. "ಟೊಳ್ಳಿನ ಮೇಲೆ ನೆಲ ವರ್ಷ ವರ್ಷ ಸ್ವಲ್ಪಸ್ವಲ್ಪವೇ ಕುಸೀತಾ ಬಂತು. ಚರಂಡಿ ವಾಲಿರೋದು ನೋಡಿದ್ರೆ ಸುಮಾರು ಎರಡು ಮೊಳ. ಮನೆ, ಚರಂಡಿ, ಬೀದಿ ಎಲ್ಲ ಒಟ್ಟಿಗೇ ಇಳಿದವು. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ನೀರಿಗೆ ಮಾತ್ರ ಗೊತ್ತಾಯ್ತು. ಅದು ಹಿಂದಕ್ಕೆ ಹರೀತು. ಜನ ಲಾಂಡ್ರಿಯವನನ್ನ ಬೈದ್ರು."

"ನಕ್ಷೆ?" ಇನ್‌ಸ್ಪೆಕ್ಟರ್ ಕೇಳಿದರು.

"ನಕ್ಷೆಯ ಲೆಕ್ಕಕ್ಕೆ ಹಾಕಿದ್ದು ನೆಲ ಕುಸಿಯೋ ಮುಂಚಿನ ಎತ್ತರ. ಊರಿನ ಹಳೇ ನಕ್ಷೆಯದ್ದು. ಇರೋದಕ್ಕಿಂತ ಎರಡು ಮೊಳ ಜಾಸ್ತಿ. ಎತ್ತರ ಜಾಸ್ತಿ ಅಂತ ಬರೆದ್ರೆ ಏನಾಗುತ್ತೆ, ಹೇಳು?"

ಪ್ರಶ್ನೆ ಅಕ್ಕನಿಗೆ. ಅಕ್ಕ ತರಗತಿಯಲ್ಲಿ ಕೂತವಳ ಹಾಗೆ ಉತ್ತರ ಕೊಟ್ಟಳು. "ಎತ್ತರದ್ದು ಅಂತ ಕೂಡಿಸೋದು ಜಾಸ್ತಿ ಆಗುತ್ತೆ. ಬಂಡೆಯದ್ದು ಅಂತ ಕಳೆಯೋದೂ ಜಾಸ್ತಿ ಆಗುತ್ತೆ. ಆದ್ರೆ ಅದು ಮೂರರಲ್ಲಿ ಒಂದು ಪಾಲು. ಮಿಕ್ಕಿದ್ದು ಎಳೆತಕ್ಕೆ ಸೇರ್ಕೊಳ್ಳುತ್ತೆ. ಟೊಳ್ಳು ಎಷ್ಟು ಕಮ್ಮಿ ಮಾಡಿತ್ತೋ..." ಅವಳ ದನಿ ನಿಂತಿತು. "ಹೆಚ್ಚುಕಮ್ಮಿ ಅಷ್ಟೇ."

"ಅಷ್ಟೇ. ಟೊಳ್ಳಿಗೆ ಸರಿಯಾಗಿ ತೇಪೆ. ನಕ್ಷೆ ಹಸಿರು."

"ಹಾಗಾದ್ರೆ ಹಳೇ ಎತ್ತರ ಹಾಕಿದ್ದು ಯಾರು?" ಇನ್‌ಸ್ಪೆಕ್ಟರ್ ಮುಂದಕ್ಕೆ ಬಾಗಿದರು. "ಆ ಕೋಲು ಹಿಡಿಯೋನಾ?"

"ಅವನು ನಿಜವಾದ ಎತ್ತರ ಅಳೆದು ಕೊಟ್ಟ. ಎರಡು ಮೊಳ ಅಂದ್ರೆ ಹತ್ತಿರ ಹತ್ತಿರ ಒಂದು ಮೀಟರ್. ಕೋಲು ಓದುವವರು ತಪ್ಪಿದ್ರೆ ತಪ್ಪೋದು ಒಂದು ಮೀಟರ್. ನೋಡಿದವರಿಗೆ ಏನನ್ನಿಸುತ್ತೆ? ಇವನು ಮತ್ತೆ ಎಡವಟ್ಟು ಮಾಡಿದ ಅನ್ನಿಸುತ್ತೆ. ನೆಲವೇ ಕುಸಿದಿದೆ ಅಂತ ಯಾರಿಗೆ ಹೊಳೆಯುತ್ತೆ?"

"ಸಾಹೇಬರು ಬದಲಾಯಿಸಿದ್ರಾ?"

"ಅವರ ಕಣ್ಣಿಗೆ ಬಿದ್ದಿದ್ರೆ ಕೂಗಿ ಊರು ಸೇರಿಸೋರು. ಕೋಲಣ್ಣನ ಕೆಲಸ ಹೋಗಿರೋದು. ಆದ್ರೆ ಆ ತಿಂಗಳು ಅವನಿಗೆ ಒಂದು ಬೈಗುಳಾನೂ ಬೀಳಲಿಲ್ಲ. ಅದೇ ಯಾರೂ ಗಮನಿಸದ ಸುಳಿವು ಸ್ವಾಮಿ. ಯಾರೋ ಆ ಅಂಕಿ ನೋಡಿದ್ದಾರೆ. ತಪ್ಪು ಅಂದ್ಕೊಂಡು ಹಳೇ ನಕ್ಷೆ ನೋಡಿ ಸರಿಮಾಡಿದ್ದಾರೆ. ಅವನ ಹೆಂಡತಿ ಈಗಷ್ಟೇ ಹೆತ್ತಿದ್ದಾಳೆ, ಕೆಲಸ ಹೋದ್ರೆ ಏನು ಗತಿ ಅಂತ ಯಾರಿಗೂ ಹೇಳದೆ ಬಾಯಿ ಮುಚ್ಕೊಂಡಿದ್ದಾರೆ. ಆ ಕಚೇರಿಯಲ್ಲಿ ಅಷ್ಟು ಕರುಣೆ ಇರೋದು ಒಬ್ಬರಿಗೇ."

ನನ್ನ ಕೈಯಲ್ಲಿದ್ದ ಕೈ ತಣ್ಣಗಾಯಿತು.

"ಅವನು ಕೊಟ್ಟಿದ್ದನ್ನ ಹಾಗೇ ಹಾಕಿದ್ಯಾ ಅಂತ ಬೆಳಗ್ಗೆ ಕೇಳಿದಾಗ ಹೂಂ ಅಂದೆ," ಅತ್ತೆ ಮೆಲ್ಲಗೆ ಹೇಳಿದರು. "ಆಗಲೂ ಅವನನ್ನ ಉಳಿಸೋಕೆ, ಅಲ್ವಾ?"

ಅಕ್ಕ ನನ್ನ ಕೈ ಬಿಡಿಸಿಕೊಂಡಳು. "ಅವನು ತಪ್ಪು ಓದಿದ್ದಾನೆ ಅಂದ್ಕೊಂಡೆ ಅತ್ತೆ," ಅಂದಳು. "ಸರಿ ಮಾಡಿದೆ ಅಂತಲೇ ಅಂದ್ಕೊಂಡಿದ್ದೆ. ಈಗ ನೀವು ಹೇಳೋವರೆಗೂ ಅದೇ ನನ್ನ ಸಮಾಧಾನ. ನಾನು ಒಂದು ಒಳ್ಳೇ ಕೆಲಸ ಮಾಡಿದ್ದೆ ಅಂತ." ಬಾಯಿಗೆ ಸೆರಗು ಒತ್ತಿಕೊಂಡಳು. "ಆ ಲಾಂಡ್ರಿಯವರು ಅವನಿಗೆ ನೀರು ಕೊಟ್ಟಿದ್ರಂತೆ."

ನನಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂತು. "ಯಾಕೆ ಹೇಳಿದ್ರಿ? ನಕ್ಷೆ ಹಳೇದು ಅಂದಿದ್ರೆ ಸಾಕಾಗಿತ್ತು! ಇವಳು ಇನ್ನು ಬದುಕಿರೋವರೆಗೆ..."

"ಬೇರೆ ದಾರಿ ಇರಲಿಲ್ಲ ಕಣೋ." ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಅಕ್ಕನ ಗಲ್ಲ ಹಿಡಿದೆತ್ತಿದರು. "ಅಳೋದು ಆಮೇಲೆ. ಈಗ ಹೇಳು. ಇನ್ನೂ ಎಲ್ಲಿ ತಿದ್ದಿದ್ದೀಯ?"

ಅದಕ್ಕೇ ಹೇಳಿದ್ದು. ನನಗೆ ಆಗ ಅರ್ಥವಾಯಿತು. ಯಾವ ಯಾವ ಕಡೆ ಅಕ್ಕ ಕೋಲಣ್ಣನನ್ನು ಕಾಪಾಡಿದ್ದಳೋ ಆ ಕಡೆಯೆಲ್ಲ ನೆಲ ಕುಸಿಯುತ್ತಿದೆ. ಅದು ಗೊತ್ತಿರುವುದು ಅವಳೊಬ್ಬಳಿಗೇ.

ಅಕ್ಕ ಕಣ್ಣು ಮುಚ್ಚಿದಳು. "ಇನ್ನೊಂದೇ ಕಡೆ," ಅಂದಳು. "ಹೊಲಿಗೆಯವರ ಓಣಿ. ಕೊನೇ ನಾಲ್ಕು ಮನೆ."

ಇನ್‌ಸ್ಪೆಕ್ಟರ್ ಎದ್ದು ನಿಂತರು, ಮತ್ತೆ ಕೂತರು. "ದುಡ್ಡು ಮುಟ್ಟಿಲ್ಲ. ಬೇಕಂತ ಮಾಡಿಲ್ಲ. ನಾನು ಹಾಕಿದ್ದು ಮೋಸದ ಕೇಸು. ಇದರಲ್ಲಿ ಮೋಸ ಎಲ್ಲಿದೆ?" ಅಂತ ತಮಗೆ ತಾವೇ ಹೇಳಿಕೊಂಡರು. "ಕರ್ಕೊಂಡು ಹೋಗಿ. ಕರೆದಾಗ ಬಂದ್ರೆ ಸಾಕು."

ಆಮೇಲೆ ಫೋನಿನ ಮೇಲೆ ಫೋನು ಮಾಡಿದರು. ಮನೆ ಖಾಲಿ ಮಾಡಿಸಬೇಕಾದರೆ ಆರ್ಡರ್ ಬೇಕು. ಆರ್ಡರ್ ಬೇಕಾದರೆ ಭೂಮಾಪನ ಕಚೇರಿಯ ಸಹಿ ಬೇಕು. ಸಾಹೇಬರು ಫೋನಿನಲ್ಲಿ ಕೂಗಿದ್ದು ನಮಗೂ ಕೇಳಿಸಿತು — ಒಬ್ಬ ಆರೋಪಿಯ ಬಾಯಿಮಾತಿಗೆ ನಾನು ನಕ್ಷೆ ಬದಲಾಯಿಸಬೇಕಾ? ಮತ್ತೆ ಅಳೀತೀವಿ, ಮುಂದಿನ ತಿಂಗಳು ನೋಡೋಣ. ಇನ್‌ಸ್ಪೆಕ್ಟರ್ ಫೋನ್ ಇಟ್ಟು, "ನಾನು ಇಬ್ಬರು ಪೇದೆಗಳನ್ನ ಕಳಿಸಬಲ್ಲೆ. ಅಷ್ಟೇ," ಅಂದರು.

ಹೊಲಿಗೆಯವರ ಓಣಿಗೆ ನಾವು ಹೋದಾಗ ದೀಪ ಹಚ್ಚುವ ಹೊತ್ತು. ಮನೆಮನೆಯಿಂದ ಹೊಲಿಗೆ ಯಂತ್ರದ ಸದ್ದು. ಅಕ್ಕ ಮೊದಲ ಬಾಗಿಲು ತಟ್ಟಿದಳು. ಮೂರು ಮನೆಯವರು ಬೈದುಕೊಂಡೇ ಆದರೂ ಪೇದೆಗಳನ್ನು ನೋಡಿ ಮಕ್ಕಳನ್ನು ಎತ್ತಿಕೊಂಡು ಹೊರಗೆ ಬಂದರು. ನಾಲ್ಕನೆಯ ಮನೆಯವನು ಹೊಸ್ತಿಲಿಗೆ ಅಡ್ಡ ನಿಂತ. ಕೊರಳಲ್ಲಿ ಅಳತೆ ಟೇಪು.

"ನಿಮ್ಮನ್ನೇ ಅಲ್ವಾ ಪೊಲೀಸ್ ಹಿಡ್ಕೊಂಡು ಹೋಗಿದ್ದು?"

"ನನ್ನನ್ನೇ ಅಣ್ಣ. ದಯವಿಟ್ಟು ಹೊರಗೆ ಬನ್ನಿ. ಕೆಳಗೆ ಟೊಳ್ಳಿದೆ."

"ಹೋದ ವರ್ಷ ಗಟ್ಟಿ ಅಂದ್ರಿ. ಈಗ ಟೊಳ್ಳು ಅಂತೀರಿ. ನಾಳೆ ಇನ್ನೇನು? ಮನೆ ಬಿಡಿಸಿ ಯಾರಿಗೆ ಕೊಡಬೇಕು ಅಂತಿದ್ದೀರ?"

"ನನ್ನದೇ ತಪ್ಪು. ನಾನೇ ಅಂಕಿ ತಿದ್ದಿದ್ದು."

"ಹಾಗಾದ್ರೆ ಈಗಿನ ಮಾತು ಮಾತ್ರ ಯಾಕೆ ನಂಬಲಿ?"

ಅತ್ತೆ ಹೇಳಿದರು, ನಾನು ಕೈಮುಗಿದೆ, ಪೇದೆಗಳು ಗದರಿಸಿದರು. ಅವನು ಜಗ್ಗಲಿಲ್ಲ. ಒಳಗೆ ಅವನ ಹೆಂಡತಿ, ಎರಡು ಮಕ್ಕಳು, ಮುದಿ ತಾಯಿ.

ಅಕ್ಕ ಅವನ ಪಕ್ಕದಲ್ಲೇ ನುಸುಳಿ ಒಳಗೆ ಹೋಗಿಬಿಟ್ಟಳು. ಯಾರೂ ಅಂದುಕೊಂಡಿರಲಿಲ್ಲ. ನಡುಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ನೀವು ಹೊರಡೋವರೆಗೂ ನಾನು ಏಳಲ್ಲ," ಅಂದಳು.

"ಅಯ್ಯೋ, ಕೂತ್ಕೋಮ್ಮ, ಅದಕ್ಕೇನಂತೆ," ಅಂದಳು ಅಜ್ಜಿ. "ಸುಸ್ತಾಗಿದ್ದೀಯ. ಗೋಡೆ ತಣ್ಣಗಿದೆ, ಈ ಕಡೆ ಬಾ."

"ಅಕ್ಕಾ, ಎದ್ದು ಬಾ!" ನಾನು ಹೊರಗಿನಿಂದ ಕೂಗಿದೆ. ಬೆಳಗಿನಿಂದ ಇವಳನ್ನು ಬಿಡಿಸಿಕೊಂಡು ಬರಬೇಕು ಅಂತ ಓಡಾಡಿದವನು ನಾನು. "ಅಕ್ಕಾ, ನಿನ್ನ ದಮ್ಮಯ್ಯ! ಬಾ!"

ಅವಳು ನನ್ನ ಕಡೆ ನೋಡಿ ಇಲ್ಲ ಅಂತ ತಲೆಯಾಡಿಸಿದಳು. ಟೇಪಿನವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಇದು ನಾಟಕವೋ ನಿಜವೋ ಅಂತ ಅವನಿಗೆ ತೋಚಲಿಲ್ಲ. ಒಳಗೆ ಹೋಗಿ ಯಂತ್ರದ ಮುಂದೆ ಕೂತು, ಬಿಟ್ಟಿದ್ದ ಹೊಲಿಗೆ ಮತ್ತೆ ಶುರು ಮಾಡಿದ.

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಅಕ್ಕನ ಪಕ್ಕ ಕೂತೆ.